ಅಂಗಾಂಶಕ್ಕೆ ನೀಲಿ, ಗುಲಾಬಿ ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ಬಯಾಪ್ಸಿ ಸ್ಲೈಡ್‌ಗಳ ಚಿತ್ರಗಳಲ್ಲಿ, ಅಂಗ ಯಾವುದೇ ಆಗಿರಲಿ, ನೀಲಿ ಮತ್ತು ಗುಲಾಬಿ ಬಣ್ಣಗಳೇ ಕಾಣುತ್ತವೆ. ಇವು ಜೀವಕೋಶಗಳ ಸಹಜ ಬಣ್ಣಗಳೇ? ಅಲ್ಲವಾದರೆ, ಬಣ್ಣ ಹಾಕುವ ವಿಧಾನ ಹೇಗೆ ಬೆಳೆದುಬಂತು?

ಉತ್ತರ: ಸಹಜ ಬಣ್ಣಗಳಲ್ಲ. ಸೂಕ್ಷ್ಮದರ್ಶಕದಡಿ ಇಡುವ ಅಂಗಾಂಶದ ಪದರ ಸಾಮಾನ್ಯವಾಗಿ 4-5 ಮೈಕ್ರೋಮೀಟರ್‌ನಷ್ಟೇ ದಪ್ಪವಿರುತ್ತದೆ. ಅದರ ಮೂಲಕ ಬೆಳಕು ಹೆಚ್ಚುಕಡಿಮೆ ತಡೆಯಿಲ್ಲದೆ ಹಾದುಹೋಗುವುದರಿಂದ ಕೋಶಕೇಂದ್ರ ಯಾವುದು, ಸುತ್ತಲಿನ ಕೋಶದ್ರವ್ಯ ಯಾವುದು ಎಂದು ಗುರುತಿಸುವುದೇ ಕಷ್ಟ. ಸೂಕ್ಷ್ಮದರ್ಶಕಗಳನ್ನು ತಾನೇ ತಯಾರಿಸಿ ಬಳಸುತ್ತಿದ್ದ ಡಚ್ಚರ ಲೇವನ್‌ಹುಕ್ 18ನೆಯ ಶತಮಾನದ ಆರಂಭದಲ್ಲಿಯೇ ಸ್ನಾಯುವಿನ ಎಳೆಗಳಿಗೆ ಕೇಸರಿಯ ಬಣ್ಣ ಹಿಡಿಸಿ ನೋಡಿದ್ದನು. ಆದರೆ ಈ ವಿಧಾನಕ್ಕೆ ನಿಜವಾದ ನೆಲೆ ದೊರೆತದ್ದು 1858ರಲ್ಲಿ ಜರ್ಮನಿಯ ಗೆರ್ಲಾಖ್ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ. ಕೀಟದಿಂದ ದೊರೆಯುವ ಕಾರ್ಮೈನ್ ಎಂಬ ಕೆಂಪು ಬಣ್ಣದ ಬಹಳ ತೆಳುವಾದ ದ್ರಾವಣದಲ್ಲಿ ರಾತ್ರಿಯಿಡೀ ಉಳಿದಿದ್ದ ಮೆದುಳಿನ ಚೂರಿನಲ್ಲಿ, ಗಟ್ಟಿ ದ್ರಾವಣದಲ್ಲಿ ಕಾಣದಿದ್ದ ನರಕೋಶಗಳು ಸ್ಪಷ್ಟವಾಗಿ ಎದ್ದು ಕಂಡವು. ಬಣ್ಣವು ಎಲ್ಲ ಭಾಗಗಳಿಗೂ ಒಂದೇ ಸಮನೆ ಹಿಡಿಯುವುದಿಲ್ಲ ಎಂಬ ಈ ತಿಳಿವೇ ನನ್ನ ದೃಷ್ಟಿಯಲ್ಲಿ ಇಡೀ ಶಾಸ್ತ್ರದ ತಿರುಳು.

ನೀವು ಕಂಡ ನೀಲಿ, ಮಧ್ಯ ಅಮೆರಿಕದ ಮರವೊಂದರ ತಿರುಳಿನಿಂದ ಬರುವ ಹೆಮಟಾಕ್ಸಿಲಿನ್‌ನದು. ಅದು ತಾನಾಗಿ ಅಂಗಾಂಶಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಬಟ್ಟೆಗೆ ಬಣ್ಣ ಕಚ್ಚಿಸಲು ಬಳಸುವ ಪಟಿಕವನ್ನು 1865ರಲ್ಲಿ ಬೋಮರ್ ಇದರೊಂದಿಗೆ ಸೇರಿಸಿದನು. ಪಟಿಕದಲ್ಲಿರುವ ಅಲ್ಯುಮಿನಿಯಂ, ಧನ ಆವೇಶದಿಂದಾಗಿ, ಕೋಶಕೇಂದ್ರದಲ್ಲಿರುವ ಋಣ ಆವೇಶವುಳ್ಳ ಡಿಎನ್‌ಎಗೆ ಬಣ್ಣವನ್ನು ಬಂಧಿಸುತ್ತದೆ. ದ್ರಾವಣದಿಂದ ಹೊರತೆಗೆದ ಸ್ಲೈಡ್‌ನಲ್ಲಿ ಕೋಶಕೇಂದ್ರಗಳು ಮೊದಲು ಕೆನ್ನೇರಳೆಯಾಗಿರುತ್ತವೆ. ತುಸು ಕ್ಷಾರೀಯವಾದ ನೀರಿನಲ್ಲಿ ತೊಳೆದಾಗ ನೋಡುನೋಡುತ್ತಲೇ ನೀಲಿಗೆ ತಿರುಗುತ್ತವೆ. ಗುಲಾಬಿ ಬಣ್ಣ ಇಯೋಸಿನ್‌ನದು. ಇದು ಪ್ರಯೋಗಾಲಯದಲ್ಲಿ ತಯಾರಾದ ಆಮ್ಲೀಯ ಬಣ್ಣ, ಅಂದರೆ ಋಣ ಆವೇಶವುಳ್ಳದ್ದು; ಆದ್ದರಿಂದ ಕೋಶದ್ರವ್ಯದ ಧನ ಆವೇಶವುಳ್ಳ ಪ್ರೋಟೀನುಗಳನ್ನು ಹಿಡಿಯುತ್ತದೆ. 1876ರಲ್ಲಿ ವಿಸೋಟ್‌ಸ್ಕಿ ಇವೆರಡನ್ನೂ ಜೊತೆಯಾಗಿ ಬಳಸಿದ ವಿಧಾನವನ್ನು ವಿವರಿಸಿದನು. ರೋಗಪತ್ತೆಯ ದಿನನಿತ್ಯದ ಕೆಲಸ ಇಂದಿಗೂ ಇದರ ಮೇಲೆಯೇ ನಡೆಯುತ್ತಿದೆ.

ಎಲ್ಲಕ್ಕೂ ಇದೊಂದೇ ಸಾಲದು. ನರಕೋಶಗಳ ಹೆಣೆದುಕೊಂಡ ಕವಲುಗಳನ್ನು ಬಿಡಿಸಿ ತೋರಿಸಿದ್ದು ಇಟಲಿಯ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ವಿಧಾನ. ಅದರಲ್ಲಿ ಕೆಲವೇ ಕೋಶಗಳು ಪೂರ್ತಿಯಾಗಿ ಕಪ್ಪಾಗುತ್ತವೆ, ಅಕ್ಕಪಕ್ಕದವು ಕಾಣುವುದೇ ಇಲ್ಲ.

ಇನ್ನು, ಎಲ್ಲ ಅಂಗಗಳಲ್ಲೂ ಎರಡೇ ಬಣ್ಣ ಕಂಡರೂ ಅವುಗಳ ಪ್ರಮಾಣ ಒಂದೇ ಆಗಿರುವುದಿಲ್ಲ. ಬಹುಪಾಲು ಕೋಶಕೇಂದ್ರವೇ ತುಂಬಿರುವ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಗುಂಪುಗೂಡಿದ ಜಾಗ ದಟ್ಟ ನೀಲಿಯಾಗಿಯೂ, ಪ್ರೋಟೀನು ತುಂಬಿದ ಸ್ನಾಯು ಬಹುತೇಕ ಗುಲಾಬಿಯಾಗಿಯೂ ಕಾಣುತ್ತದೆ.