ಪದರ ಜಾಸ್ತಿಯಾದರೆ ಚಿತ್ರ ಬೂದು ಬಣ್ಣವಾಗುವುದು ಯಾಕೆ?

ಪ್ರಶ್ನೆ: ಮನೆಯ ಹಂಚು, ಅಡಿಕೆ ಹರವಿದ ಅಂಗಳ, ಬಚ್ಚಲಿನ ಮಸಿಗೋಡೆ, ಮಳೆಗಾಲದ ಮಂಜು ಇಂಥ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಕಿ ಅಮೂರ್ತ ಚಿತ್ರ ಮಾಡುತ್ತೇನೆ. ಏಳೆಂಟು ಸೇರಿದರೆ ಎಲ್ಲ ಕಲಸಿಹೋಗಿ ಬೂದು ಬಣ್ಣ. ಇದು ಫೋಟೋಗ್ರಫಿಯೇ ಅಲ್ಲ, ಬರೀ ಕಂಪ್ಯೂಟರ್ ಆಟ ಅಂತ ಗೆಳೆಯರ ತಮಾಷೆ ಬೇರೆ. ಏನು ಮಾಡಲಿ?
– ಒಬ್ಬ ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಗೆಳೆಯರ ವಿಷಯ ಮೊದಲು ಮುಗಿಸೋಣ. ಆಸ್ಕರ್ ರೇಲಾಂಡರ್ ಎಂಬ ಫೋಟೋಗ್ರಾಫರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದು ಚಿತ್ರ ಮಾಡಿದ್ದ. ಫೋಟೋ ತಿದ್ದುವ ತಂತ್ರಾಂಶ ಫೋಟೋಶಾಪ್‌ಗೆ ಲೇಯರ್ (ಒಂದರ ಮೇಲೊಂದು ಇಡುವ ಪದರ) ಬಂದದ್ದು 1994ರಲ್ಲಿ. ಇಷ್ಟು ಹೇಳಿ, ಕಾಫಿ ಕೊಟ್ಟು ಕಳಿಸಿ.

ಇನ್ನು ಬೂದು ಬಣ್ಣ. ನೀವು ಬಹುಶಃ ಎಲ್ಲ ಲೇಯರನ್ನೂ 'ನಾರ್ಮಲ್' ಮೋಡ್‌ನಲ್ಲೇ ಬಿಟ್ಟು ಒಪಾಸಿಟಿ (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಶೇಕಡಾವಾರು) ಮಾತ್ರ ಇಳಿಸುತ್ತಿದ್ದೀರಿ. ಆಗ ಒಂದರ ಬೆಳಕು ಇನ್ನೊಂದರ ಕಪ್ಪಿನ ಜೊತೆ ಸೇರಿ ಎಲ್ಲ ಸರಾಸರಿಗೆ ಬಂದುಬಿಡುತ್ತದೆ. ಅದೂ ಎಲ್ಲಕ್ಕೂ 50 ಇಟ್ಟರೆ ಎಂಟು ಲೇಯರಿನಲ್ಲಿ ಕೆಳಗಿನ ಫೋಟೋದ ಪಾಲು ಶೇಕಡಾ 1 ಕೂಡ ಉಳಿಯುವುದಿಲ್ಲ! ಸಮಪಾಲು ಬೇಕಿದ್ದರೆ ಕೆಳಗಿನಿಂದ 100, 50, 33, 25 ಹೀಗೆ ಇಳಿಸುತ್ತಾ ಹೋಗಬೇಕು. ಆದರೆ ಬೂದು ಅದರಿಂದಲೂ ಹೋಗುವುದಿಲ್ಲ.

ಬದಲಿಸಬೇಕಾದ್ದು ಬ್ಲೆಂಡ್ ಮೋಡ್, ಅಂದರೆ ಮೇಲಿನ ಲೇಯರ್ ಕೆಳಗಿನದರ ಜೊತೆ ಬೆರೆಯುವ ರೀತಿ. 'ಮಲ್ಟಿಪ್ಲೈ'ನಲ್ಲಿ ಬಿಳಿ ಮಾಯ, ಕಪ್ಪು ಉಳಿಯುತ್ತದೆ. 'ಸ್ಕ್ರೀನ್'ನಲ್ಲಿ ಇದರ ಉಲ್ಟಾ. ನಿಮ್ಮ ಮಸಿಗೋಡೆಯನ್ನು ಮಲ್ಟಿಪ್ಲೈಗೆ ಹಾಕಿದರೆ ಅದು ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ, ಸ್ಕ್ರೀನ್‌ಗೆ ಹಾಕಿ ನೋಡಿ, ಮಸಿ ಹೋಗಿ ಸುಣ್ಣ ಎದ್ದ ಕಡೆಯ ಬಿಳಿ ಗೀರುಗಳಷ್ಟೇ ಮೇಲೆ ನಿಲ್ಲುತ್ತವೆ. ಮಂಜಿನ ಫೋಟೋ ಮಲ್ಟಿಪ್ಲೈಗೆ ಸರಿ. ಮಂಜು ಇದ್ದಲ್ಲಿ ಕೆಳಗಿನ ಚಿತ್ರ ಕಾಣುತ್ತದೆ, ಮರದ ಕೊಂಬೆ ಮಾತ್ರ ಕಪ್ಪಗೆ ಉಳಿಯುತ್ತದೆ. ಆಗುಂಬೆ ಕಡೆ ಹೋದಾಗ ಬರೀ ಬಿಳಿ ಬಂದಿದೆ ಅಂತ ಅಳಿಸಿದ ಫೋಟೋಗಳಿವೆಯಲ್ಲ, ಅವೇ ಇಲ್ಲಿ ಬೇಕಾದವು.

ಬಣ್ಣ ಒಂದೇ ಲೇಯರಿನಿಂದ ಬರಲಿ. ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹತ್ತಿದ ಅಡಿಕೆಯ ಕೆಂಪು ಇದೆಯಲ್ಲ, ಅದೊಂದೇ ಸಾಕು. ಹಂಚು, ಗೋಡೆ ಎಲ್ಲ ಕಪ್ಪು-ಬಿಳುಪಾಗಲಿ, ಕಾಂಟ್ರಾಸ್ಟ್ ಮೊದಲೇ ಏರಿಸಿಕೊಳ್ಳಿ. ಮತ್ತೆ ಏಳೆಂಟು ಯಾಕೆ? ಮೂರೇ ಇರಲಿ. ಹೆಚ್ಚು ಹಾಕಿದಷ್ಟೂ ಆಳ ಬರುತ್ತದೆ ಅನ್ನುವುದು ಸುಮ್ನೆ ಭ್ರಮೆ, ನನಗಂತೂ ಹಾಗೆ ಕಂಡಿಲ್ಲ.

ಸ್ಪರ್ಧೆಗೆ ಕಳಿಸುವುದಾದರೆ ನೇಚರ್ ವಿಭಾಗ ಬೇಡ. ಫೋಟೋ ಜೋಡಿಸಿದ್ದನ್ನು ಅಲ್ಲಿ ಒಪ್ಪುವುದಿಲ್ಲ. ಫೋಟೋಶಾಪ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಈ ಮೋಡ್‌ಗಳೆಲ್ಲ ಇವೆ. ಜೆಪೆಗ್ ಮಾಡಿದರೆ ಲೇಯರ್‌ಗಳೆಲ್ಲ ಒಂದಾಗಿಬಿಡುತ್ತವೆ, ಅದಕ್ಕೆ ಮೊದಲು ಲೇಯರ್ ಸಮೇತ ಒಂದು ಫೈಲ್ ಉಳಿಸಿಕೊಳ್ಳಿ, ಆಮೇಲೆ ಬಿಡಿಸಲು ಆಗುವುದಿಲ್ಲ.