ಮಲಗಿಯೇ ಇರುವ ತಂದೆಯವರ ಮಗ್ಗುಲು ಬದಲಿಸುವ ಬಗ್ಗೆ

ನಮಸ್ಕಾರ ಸರ್. ಪಾರ್ಶ್ವವಾಯುವಿನಿಂದ ಎಡಭಾಗ ಸೋತಿರುವ ನಿಮ್ಮ ತಂದೆಯವರಿಗೆ ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಚರ್ಮ ಕೆಂಪಾಗಿದೆ ಎಂದೂ, ಮಲ್ಲೇಶ್ವರದ ನಿಮ್ಮ ಮನೆಗೆ ಬರುವ ವೈದ್ಯರು ಪ್ರತಿ ಸಲ ಬೇರೆ ಬೇರೆ ರೀತಿ ಮಲಗಿಸಲು ಹೇಳುವುದರಿಂದ ಗೊಂದಲವಾಗಿದೆ ಎಂದೂ ಬರೆದಿದ್ದೀರಿ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ನಾನು ತಿಳಿದಷ್ಟನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕೆಂಪು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತಸಂಚಾರ ಇನ್ನೂ ಸರಿಯಾಗಿದೆ. ಬಿಳಿಚದೆ ಹಾಗೆಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಮೈಬಣ್ಣ ಕಪ್ಪಗಿರುವವರಲ್ಲಿ ಕೆಂಪು ಕಣ್ಣಿಗೆ ಬೀಳದಿರಬಹುದು, ಹಾಗಾಗಿ ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಅಥವಾ ಗಟ್ಟಿ ಇದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ನಡುವೆ ತೂತಿರುವ ಗಾಳಿಯ ಉಂಗುರವನ್ನೂ ಇಡಬೇಡಿ, ಅದು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲಿ ಬಹಳ ಮನೆಗಳಲ್ಲಿ ನಾನು ಕಾಣುವ ತೊಂದರೆಯೆಂದರೆ, ರೋಗಿಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ; ಆಗ ಮೈಭಾರವೆಲ್ಲ ಸೊಂಟದ ಪಕ್ಕದ ಎಲುಬಿನ ಮೇಲೆ ಬಿದ್ದು ಅಲ್ಲಿ ಹುಣ್ಣಾಗುತ್ತದೆ. ಸುಮಾರು 30 ಡಿಗ್ರಿ ಓರೆ ಸಾಕು. ಭುಜದಿಂದ ಸೊಂಟದವರೆಗೆ ಬೆನ್ನ ಹಿಂದೆ ದಿಂಬು ಕೊಟ್ಟು, ಕೆಂಪಾದ ಜಾಗ ಹಾಸಿಗೆಗೆ ತಾಗುತ್ತಿಲ್ಲವೆಂದು ಕೈ ತೂರಿಸಿ ಖಚಿತಪಡಿಸಿಕೊಳ್ಳಿ. ಮೊಣಕಾಲುಗಳ ನಡುವೆ ಒಂದು ದಿಂಬಿರಲಿ. ಅಂಗಾತ ಮಲಗಿಸಿದಾಗ ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಸೋತ ಎಡಗೈಯನ್ನು ದಿಂಬಿನ ಮೇಲಿಡಿ. ಅದನ್ನು ಹಿಡಿದೋ ಕಂಕುಳಿಗೆ ಕೈ ಹಾಕಿಯೋ ಎಂದೂ ಎಳೆಯಬೇಡಿ, ಭುಜದ ಕೀಲು ಜಾರಬಹುದು. ಮೇಲಕ್ಕೆ ಸರಿಸಬೇಕಾದಾಗ ಸೊಂಟದಡಿ ಮಡಿಸಿ ಹಾಸಿದ ಬೆಡ್‌ಶೀಟನ್ನು ಇಬ್ಬರು ಎರಡೂ ಬದಿ ಹಿಡಿದು ಎತ್ತಿ ಸರಿಸಿ, ಎಳೆಯಬೇಡಿ.

ಊಟದ ಹೊತ್ತಿನಲ್ಲಿ ಇದಕ್ಕೆ ವಿರುದ್ಧವಾದ ಅಗತ್ಯ ಬರುತ್ತದೆ. ತಲೆಭಾಗ ಎತ್ತರಿಸದಿದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಎತ್ತರಿಸಿದರೆ ಮೈ ಕೆಳಕ್ಕೆ ಜಾರಿ, ಚರ್ಮ ಹಾಸಿಗೆಗೆ ಅಂಟಿಕೊಂಡೇ ಉಳಿದು ಒಳಗಿನ ಪದರ ಹರಿಯುತ್ತದೆ. ಆದ್ದರಿಂದ ಮೊದಲು ಮೊಣಕಾಲಡಿ ಎತ್ತರಿಸಿ, ಆಮೇಲೆ ತಲೆಭಾಗ ಎತ್ತರಿಸಿ. ಬಾಯಿಂದ ಊಟ ಮಾಡುವುದಾದರೆ ಸಾಧ್ಯವಾದಷ್ಟು ನೆಟ್ಟಗೆ ಕೂರಿಸಿ. ಮೂಗಿನ ನಳಿಕೆಯಿಂದ ಆಹಾರ ಕೊಡುವುದಾದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಇರಿಸಿ, ನಂತರ 30 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಇಳಿಸಿ.

ವೈದ್ಯರು ಹೇಳುವ ಪ್ರತಿ ಭಂಗಿಗೂ ಕಾರಣವಿದೆ. ಹೊಟ್ಟೆ ನೋಡುವಾಗ ಮೂತ್ರ ಮಾಡಿಸಿ, ಅಂಗಾತ ಮಲಗಿಸಿ, ಮೊಣಕಾಲು ಮಡಿಸಿದರೆ ಸ್ನಾಯು ಸಡಿಲವಾಗುತ್ತದೆ. ಕತ್ತಿನ ರಕ್ತನಾಳ ನೋಡಲು ಸುಮಾರು 45 ಡಿಗ್ರಿ ಒರಗಿಸುತ್ತಾರೆ, ಹೃದಯದ ಕೆಲವು ಶಬ್ದಗಳು ಎಡ ಮಗ್ಗುಲಿನಲ್ಲಿ ಸ್ಪಷ್ಟವಾಗುತ್ತವೆ, ಎನಿಮಾಕ್ಕೂ ಎಡ ಮಗ್ಗುಲೇ. ಶ್ವಾಸಕೋಶ ಕೇಳಲು ಕೂರಿಸುವಾಗ ನಿಧಾನವಾಗಿ ಎಬ್ಬಿಸಿ, ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಉಸಿರಾಟಕ್ಕೆ ಕಷ್ಟವಿದ್ದರೆ ಚಪ್ಪಟೆಯಾಗಿ ಮಲಗಿಸುವ ಮೊದಲೇ ವೈದ್ಯರಿಗೆ ತಿಳಿಸಿ. ನೋಡದ ಭಾಗವನ್ನು ಹೊದಿಕೆಯಿಂದ ಮುಚ್ಚಿ, ಏನು ಮಾಡುತ್ತಿದ್ದೀರೆಂದು ತಂದೆಯವರಿಗೆ ಹೇಳುತ್ತಿರಿ. ಮಾತು ಬಾರದಿದ್ದರೂ ಅವರಿಗೆ ಅರ್ಥವಾಗುತ್ತಿರಬಹುದು.

ಗಾಳಿ ತುಂಬುವ ಏರ್ ಬೆಡ್ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ, ಅದನ್ನು ತಂದರೂ ಮಗ್ಗುಲು ಬದಲಿಸುವುದನ್ನು ನಿಲ್ಲಿಸಬೇಡಿ. ಚರ್ಮ ಒಡೆದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಕಂಡರೆ ಅರಿಶಿನವಾಗಲಿ ಪೌಡರಾಗಲಿ ಹಾಕದೆ ಅಂದೇ ವೈದ್ಯರಿಗೆ ತೋರಿಸಿ.