ಬ್ಯಾಂಕ್ ಕೆಲಸ ಬಿಟ್ಟು ಸೇನೆ ಸೇರಿದರೆ ತಿಮ್ಮಯ್ಯನವರ ಹಾಗೆ ಜನರಲ್ ಆಗಬಹುದಾ?

ಮಂಗಳೂರಲ್ಲಿ ಬ್ಯಾಂಕ್ ಕೆಲಸ, ವಯಸ್ಸು 23, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮ್ಯೂಸಿಯಂ ನೋಡಿ ಬಂದಾಗಿನಿಂದ ತಲೆಯಲ್ಲಿ ಅದೇ. ಇಷ್ಟೇ ತಾನೇ ನಿಮ್ಮ ಕಥೆ? ಮಂಗಳೂರಿನ ಜಾಗದಲ್ಲಿ ಉಡುಪಿ, ಮ್ಯೂಸಿಯಂ ಜಾಗದಲ್ಲಿ ಹಳೇ ಪೇಪರ್ ಕಟಿಂಗ್ ಹಾಕಿದರೆ ಅದು ನನ್ನದೂ ಹೌದು.

ನಾನು ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾದವನು. ಜನರಲ್ ಯಾಕೆ ಆಗಲಿಲ್ಲ ಅಂತ ಹೇಳಿದರೇ ನಿಮಗೆ ಜಾಸ್ತಿ ಉಪಯೋಗ.

ಅಪ್ಪನಿಗೆ ನಾನೂ ಬ್ಯಾಂಕ್ ಸೇರಬೇಕು ಅಂತ ಆಸೆ. ನಮ್ಮ ಕಡೆ ಹಾಗೇ ಅಲ್ವಾ? ತಿಮ್ಮಯ್ಯ ಮಡಿಕೇರಿಯಲ್ಲಿ ಹುಟ್ಟಿದ್ದು 1906ರಲ್ಲಿ. ಮುಂದೆ ಕೆನರಾ ಬ್ಯಾಂಕ್ ಆದ ಸಂಸ್ಥೆ ಮಂಗಳೂರಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಉಡುಪಿಯಲ್ಲಿ ಶುರುವಾದದ್ದೂ ಅದೇ ವರ್ಷ. ಘಟ್ಟದ ಮೇಲಿನವರು ಬಂದೂಕು ಹಿಡಿದರು, ನಾವು ಲೆಡ್ಜರ್ ಹಿಡಿದೆವು. ನಾನು ಹಟ ಹಿಡಿದು ಸೇನೆಗೆ ಹೋದೆ.

ಅಲ್ಲಿ ಎಡವಿದ್ದು ಮೇಜರ್ ಆದ ಮೇಲೆ. ಅಧಿಕಾರಿಗಳನ್ನು ಮೇಲಿನ ಹೊಣೆಗೆ ತಯಾರು ಮಾಡುವ ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಅದನ್ನು ಬರೆಯಲು ಸಿಗುವುದು ಕೆಲವೇ ಅವಕಾಶ. ಪಾಸಾಗದಿದ್ದರೆ ಕೆಲಸ ಹೋಗುವುದಿಲ್ಲ, ಯಾರೂ ಬೈಯುವುದಿಲ್ಲ. ಹಾಗಾಗಿ ಏನು ಕಳೆದುಕೊಂಡೆವು ಅಂತ ಆಗ ಗೊತ್ತೇ ಆಗುವುದಿಲ್ಲ. ಆ ಸಮಯಕ್ಕೆ ಬ್ರಹ್ಮಾವರದಲ್ಲಿ ಮನೆ ಕಟ್ಟಿಸುತ್ತಿದ್ದೆ. ಓದಲಿಕ್ಕೆ ಅಂತ ತೆಗೆದ ರಜೆ ಮುರಕಲ್ಲಿನ ಲಾರಿ ಕಾಯುವುದರಲ್ಲಿ, ಮಳೆಗೆ ಮೊದಲು ಮಾಡು ಆಗಲಿ ಅಂತ ಮೇಸ್ತ್ರಿ ಹಿಂದೆ ಸುತ್ತುವುದರಲ್ಲಿ ಮುಗಿಯಿತು.

ಆದರೆ ಮನೆಯ ಮೇಲೆ ತಪ್ಪು ಹಾಕಿದರೆ ಸುಳ್ಳಾಗುತ್ತದೆ. ಯುದ್ಧ ಇತಿಹಾಸದ ಪತ್ರಿಕೆಗೆ ನಾನು ಓದುವುದೇ ಬೇಡ ಅಂದುಕೊಂಡಿದ್ದೆ. ತಿಮ್ಮಯ್ಯನವರ ಭಕ್ತ ನೋಡಿ! ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಘಾಟಿ ಗೆದ್ದ ಕಥೆ ಬಾಯಿಪಾಠ. 1948ರ ನವೆಂಬರ್ 1, 11,000 ಅಡಿಗೂ ಮೇಲೆ ಟ್ಯಾಂಕುಗಳು, ಮುಂದಿನ ಟ್ಯಾಂಕಿನಲ್ಲಿ ಸ್ವತಃ ಡಿವಿಷನ್ ಕಮಾಂಡರ್ ತಿಮ್ಮಯ್ಯ. ಮೆಸ್ಸಿನಲ್ಲಿ ಹೇಳಿದರೆ ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ಪರೀಕ್ಷೆಯಲ್ಲಿ ಇಂಥ ಕಥೆ ಯಾರಿಗೂ ಬೇಡ. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆಯ ದಾಳಿ ಯಾಕೆ ವಿಫಲವಾಯಿತು? ಸ್ಟುವರ್ಟ್ ಟ್ಯಾಂಕುಗಳ ಟರೆಟ್ (ತೋಪು ಇರುವ ಮೇಲ್ಭಾಗ) ಕಳಚಿ, ಶತ್ರುವಿಗೆ ಸುಳಿವು ಸಿಗದ ಹಾಗೆ ಅಷ್ಟು ದೂರ ಹೇಗೆ ಸಾಗಿಸಿದರು? ಘಾಟಿಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದ ಕಿರುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಇರುವವರು. ಅವರು ಇಲ್ಲದಿದ್ದರೆ ಟ್ಯಾಂಕ್ ಮೇಲೇರುತ್ತಲೇ ಇರಲಿಲ್ಲ. ಹಿಮದಿಂದ ದಾಳಿ ತಡವಾದರೂ ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಗೆ ಬಂತು, ಲೇಹ್ ದಾರಿ ತೆರೆಯಿತು. ಇದನ್ನೆಲ್ಲ ಬಿಡಿಸಿ ನೋಡುವುದು ಯುದ್ಧ ಇತಿಹಾಸ. ನಾನು ಓದಿಕೊಂಡಿದ್ದ ಬೇರೆ ಯುದ್ಧಗಳದ್ದೂ ಇದೇ ಪಾಡು. ಎಲ್ಲದರಲ್ಲೂ ಮುಂದಿನ ಟ್ಯಾಂಕ್ ಮಾತ್ರ ಕಂಡಿತ್ತು.

ಆ ಪತ್ರಿಕೆ ಹೋಯಿತು. ಮುಂದಿನ ಸಲ ಗಡಿಯಲ್ಲಿದ್ದೆ, ಓದಲು ಆಗಲಿಲ್ಲ. ಆಮೇಲೆ ಅವಕಾಶವೇ ಮುಗಿಯಿತು. ಕರ್ನಲ್ ಹುದ್ದೆಗೆ ಸೆಲೆಕ್ಷನ್ ಬೋರ್ಡ್ ಕೂತಾಗ ಅವರು ಕಡತ ನೋಡುತ್ತಾರೆ, ಮುಖ ಅಲ್ಲ. ಎಸಿಆರ್ (ಮೇಲಧಿಕಾರಿ ಬರೆಯುವ ವಾರ್ಷಿಕ ಗೋಪ್ಯ ವರದಿ), ಕೋರ್ಸುಗಳು, ಎಲ್ಲೆಲ್ಲಿ ಏನು ಜವಾಬ್ದಾರಿ ಹೊತ್ತೆ ಅನ್ನುವುದು. ವೆಲ್ಲಿಂಗ್ಟನ್ ಮುಗಿಸಿದ ಬ್ಯಾಚ್‌ಮೇಟ್‌ಗಳ ಪಕ್ಕ ನನ್ನದು ಸಪ್ಪೆ. ಸೂಪರ್‌ಸೀಡ್ ಆದೆ, ಅಂದರೆ ಬಡ್ತಿ ನನ್ನನ್ನು ದಾಟಿ ಹೋಯಿತು. ಆಮೇಲೊಮ್ಮೆ ನನ್ನದೇ ಬ್ಯಾಚಿನವನು ಬ್ರಿಗೇಡಿಯರ್ ಆಗಿ ಬಂದ, ಸೆಲ್ಯೂಟ್ ಹೊಡೆದೆ. ಅವನು ಒಳ್ಳೆಯವನು, ತಬ್ಬಿಕೊಂಡ. ಆ ರಾತ್ರಿ ಊಟ ಸೇರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ತಿಮ್ಮಯ್ಯ 1926ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಅಧಿಕಾರಿಯಾದರು. 1957ರಲ್ಲಿ ಸೇನಾ ಮುಖ್ಯಸ್ಥರಾದಾಗ 51. ಆ ಕಾಲ ಹೋಯಿತು. 2024ರಲ್ಲಿ ಮುಖ್ಯಸ್ಥರಾದ ಜನರಲ್ ಉಪೇಂದ್ರ ದ್ವಿವೇದಿ ಸೇನೆ ಸೇರಿದ್ದು 1984ರಲ್ಲಿ. ಸುಮಾರು 40 ವರ್ಷದ ದಾರಿ ಅದು. ನೀವು 25ಕ್ಕೆ ಶುರು ಮಾಡಿದರೆ? ಕರ್ನಲ್‌ಗೆ 54, ಬ್ರಿಗೇಡಿಯರ್‌ಗೆ 56, ಮೇಜರ್ ಜನರಲ್‌ಗೆ 58ಕ್ಕೆ ನಿವೃತ್ತಿ. ನಿಮ್ಮ ಸರದಿ ಬರುವ ಹೊತ್ತಿಗೆ ವಯಸ್ಸೇ ಮುಗಿದಿರುತ್ತದೆ. ಅಲ್ಲದೆ ಆ ಕುರ್ಚಿಯಲ್ಲೂ ನೆಮ್ಮದಿ ಇತ್ತು ಅನ್ನಬೇಡಿ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದದೆ ತಿಮ್ಮಯ್ಯ ರಾಜೀನಾಮೆ ಕೊಟ್ಟಿದ್ದರು. ನೆಹರು ಹೇಳಿದ ಮೇಲೆ ಹಿಂತೆಗೆದುಕೊಂಡರು.

ಆದ್ದರಿಂದ ಜನರಲ್ ಆಗಲಿಕ್ಕೆ ಅಂತ ಸೇರುವುದಾದರೆ ದಯವಿಟ್ಟು ಸೇರಬೇಡಿ. ಶಾಶ್ವತ ಕಮಿಷನ್ (ನಿವೃತ್ತಿ ವಯಸ್ಸಿನವರೆಗೂ ಅಧಿಕಾರಿಯಾಗಿರುವ ನೇಮಕ) ಸಿಕ್ಕಿದರೆ 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತೀರಿ, ಅದಕ್ಕೆ ಬೋರ್ಡ್ ಆಯ್ಕೆ ಬೇಡ. ಅಲ್ಲಿಗೇ ನಿಂತರೂ ಸರಿ ಅನ್ನಿಸಿದರೆ ಮಾತ್ರ ಹೊರಡಿ.

ಹೊರಡುವುದಾದರೆ ಬ್ಯಾಂಕಿಗೆ ಈಗಲೇ ರಾಜೀನಾಮೆ ಬೇಡ. ಸಿಡಿಎಸ್, ಅಂದರೆ ಪದವೀಧರರು ಸೇನಾಧಿಕಾರಿಯಾಗಲು ಬರೆಯುವ ಪರೀಕ್ಷೆ, ವರ್ಷಕ್ಕೆ ಎರಡು ಸಲ ಬರುತ್ತದೆ. ನಿಮ್ಮ ವಯಸ್ಸಿಗೆ ಡೆಹ್ರಾಡೂನ್ ಸೇನಾ ಅಕಾಡೆಮಿಯ ಬಾಗಿಲು ಮುಚ್ಚುತ್ತಾ ಬಂದಿದೆ, ಚೆನ್ನೈನ ಒಟಿಎಗೆ (ಅಧಿಕಾರಿಗಳ ತರಬೇತಿ ಅಕಾಡೆಮಿ) 25ರವರೆಗೆ ಸಮಯ ಇದೆ. ಅದಕ್ಕೆ ಗಣಿತದ ಪತ್ರಿಕೆಯೂ ಇಲ್ಲ, ಬಿಕಾಂನವರು ಹೆದರಬೇಕಾಗಿಲ್ಲ. ಎಸ್‌ಎಸ್‌ಬಿ ಅನ್ನುವ ಆಯ್ಕೆ ಸಂದರ್ಶನಕ್ಕೆ 5 ದಿನ ರಜೆ ಉಳಿಸಿಡಿ. ಮತ್ತೆ ಮನೆಯಲ್ಲಿ ಹುಡುಗಿ ನೋಡಲು ಶುರು ಮಾಡಿದ್ದರೆ ಅಮ್ಮನಿಗೆ ಇವತ್ತೇ ಹೇಳಿಬಿಡಿ, ಟ್ರೇನಿಂಗ್ ಮುಗಿಯುವವರೆಗೆ ಮದುವೆ ಆಗುವಂತಿಲ್ಲ.